ವೈಂಡಿಂಗ್ ಮೇಸ್ತ್ರಿಗಳಿಗೊಂದು ಬಹಿರಂಗ ಪತ್ರ

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಮೋಟಾರ್ ವೈಂಡಿಂಗ್ ಮೇಸ್ತ್ರಿಗಳೇ,

ಪಂಪ್‌ಸೆಟ್ಟೋ ರೈಸ್‌ಮಿಲ್ಲಿನ ಮೋಟಾರೋ ಸುಟ್ಟರೆ ಜನ ನಿಮ್ಮ ಅಂಗಡಿಗೇ ಹೊತ್ತು ತರುತ್ತಾರೆ. ಸುಟ್ಟ ತಂತಿ ಕಿತ್ತು, ಹೊಸ ತಾಮ್ರ ಸುತ್ತಿ, ವಾರ್ನಿಶ್ ಹಾಕಿ ಕೊಡುತ್ತೀರಿ. ಇದೇ ಕಸುಬಿನ ಕಾಯಿಲುಗಳಿಂದ ನಡೆಯುವ, ಬರೀ ಆಟಕ್ಕಾಗಿ ಇರುವ ಯಂತ್ರವೊಂದಿದೆ. ಅದು ಉಕ್ಕಿನ ಗುಂಡು ಹೊಡೆದು ಅಂಕ ಗಳಿಸುವ ಪಿನ್‌ಬಾಲ್.

ಷಿಕಾಗೋದ ಗಾಟ್ಲೀಬ್ ಕಂಪನಿ 1976ರಲ್ಲಿ ತಂದ ‘ಸರ್ಫ್ ಚಾಂಪ್’ ಅಂಥದ್ದೊಂದು ಯಂತ್ರ. ಒಳಗೆ ಕಂಪ್ಯೂಟರ್ ಚಿಪ್ ಇಲ್ಲ. ಕರೆಂಟನ್ನು ಸುಮಾರು 25 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರು, ರಿಲೇ, ಕಾಯಿಲು, ಪುಟ್ಟ ಮೋಟಾರು, ರಾಶಿ ಕಾಂಟ್ಯಾಕ್ಟ್ ಪಾಯಿಂಟು, ಇಷ್ಟೇ. ಇಂಥ ಯಂತ್ರಗಳಲ್ಲಿ ಉಕ್ಕಿನ ಗುಂಡು ಬಂಪರ್ ಎಂಬ ಗುಬುಟಿಗೆ ತಾಗಿದರೆ ಅಡಿಯ ಎರಡು ತೆಳು ಪಟ್ಟಿ ಕೂಡಿಕೊಳ್ಳುತ್ತವೆ. ಕಾಯಿಲು ಸರಳನ್ನು ಎಳೆಯುತ್ತದೆ, ಮೇಲಿನ ಬಳೆ ಕೆಳಗಿಳಿದು ಗುಂಡನ್ನು ಒದೆಯುತ್ತದೆ. ಇನ್ನೊಂದು ಕಾಯಿಲು ಅಂಕಿಯ ಚಕ್ರವನ್ನು ಒಂದು ಹಲ್ಲು ಮುಂದೆ ತಳ್ಳುತ್ತದೆ; ಮತ್ತೊಂದು ಲೋಹದ ಪಟ್ಟಿಗೆ ಬಡಿದು ಟಿಣ್ ಎನ್ನಿಸುತ್ತದೆ. ಪಾಯಿಂಟು ಕರಿಗಟ್ಟಿದರೆ ಉಜ್ಜಬೇಕು. ಅದನ್ನು ನಿಮಗೆ ಯಾರೂ ಕಲಿಸಬೇಕಿಲ್ಲ.

ಪಿನ್‌ಬಾಲನ್ನು ಜೂಜೆಂದು ನ್ಯೂಯಾರ್ಕ್ ನಗರ 1942ರಿಂದ 1976ರವರೆಗೆ ನಿಷೇಧಿಸಿತ್ತು. ಗುಂಡು ಯಾವ ದಾರಿ ಹಿಡಿಯುತ್ತದೆಂದು ಮೊದಲೇ ಹೇಳಿ, ಹಾಗೆಯೇ ಹೊಡೆದು ತೋರಿಸಿ ರೋಜರ್ ಶಾರ್ಪ್ ಎಂಬ ಆಟಗಾರರು ಇದು ಕೈಚಳಕದ ಆಟವೆಂದು ಸಾಬೀತು ಮಾಡಿದರು.

ನನ್ನನ್ನು ಹಿಡಿದು ನಿಲ್ಲಿಸುವುದು ಎದುರಿಗಿರುವ ಚಿತ್ರದ ಗಾಜು. ‘ಸರ್ಫ್ ಚಾಂಪ್’ ತುಂಬ ಕಡಲಲೆ. ‘ಬೌಲಿಂಗ್ ಕ್ವೀನ್’ (1964), ‘ಐಸ್ ರೆವ್ಯೂ’ (1965) ಹೆಸರಲ್ಲೇ ಆಟ, ಮೋಜು. ದುಡಿದು ದಣಿದವರ ಬಿಡುವನ್ನು ಅಲ್ಲಿನ ಚಿತ್ರಕಾರರು ಇಷ್ಟು ಆಸ್ಥೆಯಿಂದ ಬರೆದರು. ಹಿಂದಿನ ಬಲ್ಬು ಹೊತ್ತಿದರೆ ಬಣ್ಣಗಳು ಬೆಳಗುವುದು ನಮ್ಮ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಗಳು ಪರದೆಯ ಮೇಲೆ ಬೆಳಗಿದ ಹಾಗೆಯೇ.

ನಮ್ಮ ಬಿಡುವೇನು ಕಮ್ಮಿಯೇ? ಕುರುಗೋಡಿನ ದೊಡ್ಡಬಸವೇಶ್ವರನ ತೇರು, ಸಿರುಗುಪ್ಪ ಸೀಮೆಯ ತುಂಗಭದ್ರೆಯಲ್ಲಿ ಈಜು, ರಾತ್ರಿಯಿಡೀ ಬಯಲಾಟ, ಬಳ್ಳಾರಿಯ ಸಂಜೆಯ ಒಗ್ಗಾಣಿ-ಮಿರ್ಚಿ. ಇವನ್ನು ಗಾಜಿನ ಮೇಲೆ ಬರೆಯಲು ಬೋರ್ಡು ಬರೆಯುವ ಕಲಾವಿದರು ಊರಲ್ಲೇ ಇದ್ದಾರೆ. ಮರದ ಪೆಟ್ಟಿಗೆಗೆ ಬಡಗಿಗಳಿದ್ದಾರೆ. ಕಾಯಿಲು ನಿಮ್ಮದು.

ಮಳೆಗಾಲದಲ್ಲಿ ಪಂಪ್‌ಸೆಟ್ಟಿನ ಕೆಲಸ ಇಳಿದಾಗ ಒಂದು ಯಂತ್ರ ಕಟ್ಟಿ. ಮುಂದಿನ ಜಾತ್ರೆಗೆ ತಿರುಗುವ ತೊಟ್ಟಿಲಿನ ಪಕ್ಕ ಅದನ್ನು ನಿಲ್ಲಿಸೋಣ. ತಾಮ್ರದ ಖರ್ಚಿಗೆ ಪಟ್ಟಿ ಎತ್ತುವ ಹೊಣೆ ನನ್ನದು.

ಇಂತಿ,
ನಿಮ್ಮ ಊರಿನವನೇ ಒಬ್ಬ