ಮನುವಿನ ಕಮಂಡಲ, ಮೂರನೇ ಮಹಡಿಯ ಕಡಲು

ಅಕ್ವೇರಿಯಂ ಹುಚ್ಚು ಹಿಡಿದವರಲ್ಲಿ ಮೊದಲಿಗ ಮನು ಮಹಾರಾಜ. ಅರ್ಘ್ಯಕ್ಕೆಂದು ಎತ್ತಿದ ಬೊಗಸೆ ನೀರಿನಲ್ಲಿ ಬಂದ ಪುಟ್ಟ ಮೀನನ್ನು ಕಮಂಡಲಕ್ಕೆ ಬಿಟ್ಟ. ಮೀನು ಬೆಳೆಯಿತು, ಕಮಂಡಲ ಸಾಲಲಿಲ್ಲ. ಕೊಡಕ್ಕೆ ಹಾಕಿದ, ಬಾವಿಗೆ ಹಾಕಿದ, ಆಮೇಲೆ ಕೆರೆಗೆ, ಗಂಗೆಗೆ, ಕೊನೆಗೆ ಸಮುದ್ರಕ್ಕೆ. ಪುರಾಣಿಕರು ಇದನ್ನು ಮತ್ಸ್ಯಾವತಾರ ಎಂದರು. ಮೀನು ಸಾಕುವವರು ‘ಮಲ್ಟಿಪಲ್ ಟ್ಯಾಂಕ್ ಸಿಂಡ್ರೋಮ್’ ಎನ್ನುತ್ತಾರೆ. ಎರಡೂ ಮುಗಿಯುವುದು ಪ್ರಳಯದಲ್ಲೇ. ಮನುವಿಗಾದರೋ ಮೀನೇ ಮುನ್ಸೂಚನೆ ಕೊಟ್ಟಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ನಾಲ್ಕಡಿ ಟ್ಯಾಂಕಿನ ಸಿಲಿಕೋನ್ ಬಿಟ್ಟುಕೊಂಡರೆ ಎರಡನೇ ಮಹಡಿಯವರಿಗೆ ಮೀನು ಮೊದಲೇ ಬಂದು ಎಚ್ಚರಿಸುವುದಿಲ್ಲ. ಆಮೇಲೆ ಬರುತ್ತದೆ, ಫಾಲ್ಸ್ ಸೀಲಿಂಗಿನ ಮೂಲಕ.

ಹುಚ್ಚು ಹತ್ತುವುದು ಗಿಡದಿಂದ. ಬುಡ್ಡಿಯಲ್ಲಿ ಎರಡು ಗೋಲ್ಡ್‌ಫಿಶ್ ಇಟ್ಟುಕೊಳ್ಳುವುದು ಈಗ ತೀರಾ ಹಿಂದುಳಿದವರ ಲಕ್ಷಣ. ಈಗೇನಿದ್ದರೂ ‘ಪ್ಲಾಂಟೆಡ್’. ಇದರ ಆದಿಗುರು ಜಪಾನಿನ ನೀಗಾತದ ತಕಾಶಿ ಅಮಾನೋ. ಮೊದಲು ಸೈಕಲ್ ರೇಸಿನವನು, ಆಮೇಲೆ ಛಾಯಾಗ್ರಾಹಕ. 1982ರಲ್ಲಿ ಕಂಪನಿ ಕಟ್ಟಿ, ಕಲ್ಲು, ಕೊರಡು, ಹುಲ್ಲುಗಳನ್ನಿಟ್ಟು ಗಾಜಿನೊಳಗೆ ಕಾಡನ್ನೇ ನಿಲ್ಲಿಸಿದ. 2015ರಲ್ಲಿ ತೀರಿಕೊಂಡ. ಆತ ಅಪ್ಪಟ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ. ಮಾತೇನಿದ್ದರೂ ಶಿಷ್ಯರ ಬಗ್ಗೆ.

ಇಂಗಾಲದ ಡೈಆಕ್ಸೈಡ್ ತಗ್ಗಿಸುವುದು ಹೇಗೆಂದು ಜಗತ್ತು ವರ್ಷಕ್ಕೊಮ್ಮೆ ಸಮ್ಮೇಳನ ಸೇರಿ ತಲೆ ಕೆರೆದುಕೊಳ್ಳುತ್ತದೆ. ನಮ್ಮ ಹವ್ಯಾಸಿ ಅದನ್ನೇ ಸಿಲಿಂಡರಿನಲ್ಲಿ ದುಡ್ಡು ಕೊಟ್ಟು ತಂದು, ಗುಳ್ಳೆ ಎಣಿಸಿ ನೀರಿಗೆ ಬಿಡುತ್ತಾನೆ. ಗುರಿ 30 ಪಿಪಿಎಂ. ಹೆಚ್ಚಾಯಿತೋ, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ, ಕಡಿಮೆಯಾಯಿತೋ, ಪಾಚಿ. ಅಪ್ಪನ ಶುಗರ್ ಎಷ್ಟಿದೆ ಎಂದು ಕೇಳಿ ನೋಡಿ, ‘ನಾರ್ಮಲ್ ಇರಬೇಕು’ ಎನ್ನುತ್ತಾನೆ. ಟ್ಯಾಂಕಿನ ನೈಟ್ರೇಟ್ ಕೇಳಿ, ದಶಮಾಂಶ ಸಮೇತ ಬಾಯಿಗೆ ಬರುತ್ತದೆ.

ಇನ್ನು ಆ ಗಿಡಗಳ ವಂಶಾವಳಿ. ರೊಟಾಲ, ಲಿಮ್ನೋಫಿಲ, ಹೈಗ್ರೋಫಿಲ ಎಂದರೆ ಗ್ರೀಕ್ ದೇವತೆಯರೇ ಇರಬೇಕು ಅನ್ನಿಸುತ್ತದೆ. ಇವರ ಒಡಹುಟ್ಟಿದವರೆಲ್ಲ ನಮ್ಮ ಭತ್ತದ ಗದ್ದೆಯ ಕಳೆಗಳು. ಮಲೆನಾಡಿನ ಅಜ್ಜಿಯರು ಸೊಂಟ ಬಗ್ಗಿಸಿ ಕಿತ್ತು ಅಂಚಿಗೆ ಎಸೆದದ್ದನ್ನು ಡೆನ್ಮಾರ್ಕಿನ ನರ್ಸರಿಯವರು ಪ್ರಯೋಗಾಲಯದ ಡಬ್ಬಿಯಲ್ಲಿ ಬೆಳೆಸಿ ಲೋಕಕ್ಕೆಲ್ಲ ಮಾರುತ್ತಾರೆ. ‘ಬಕೋಪಾ’ ಎಂಬ ಚೀಟಿ ಅಂಟಿಸಿಕೊಂಡಿರುವುದು ಊರ ನೀರುಬ್ರಾಹ್ಮಿ. ಕೆರೆಯಿಂದ ಲಾರಿಗಟ್ಟಲೆ ಎತ್ತಿಸಿದರೂ ಮುಗಿಯದ ಅಂತರಗಂಗೆಯನ್ನು ಇಲ್ಲಿ ಬಿಡಿಬಿಡಿಯಾಗಿ ಎಣಿಸಿ ಕೊಡುತ್ತಾರೆ. ನೆಟ್ಟಿಗೆ ಆಳು ಸಿಗುವುದಿಲ್ಲವೆಂದು ಗದ್ದೆ ಮಾರಿದ ಮನೆತನದ ಕುಡಿ ಶನಿವಾರ ಭಾನುವಾರವಿಡೀ ಉದ್ದನೆಯ ಚಿಮುಟ ಹಿಡಿದು, ಮೂರಡಿ ಗದ್ದೆಯಲ್ಲಿ ತಾನೇ ನೆಟ್ಟಿ ಮಾಡುತ್ತಾನೆ. ಕೂಲಿಯಿಲ್ಲ, ಊಟವೂ ಹೊತ್ತಿಗಿಲ್ಲ.

ಗಿಡ ನಿಂತ ಮೇಲೆ ಮೀನು. ಪಶ್ಚಿಮಘಟ್ಟದ ಹೊಳೆಗಳ ಕೆಂಪುಪಟ್ಟಿಯ ಚೆಲುವೆಗೆ ಪೇಟೆಯಲ್ಲಿ ‘ಮಿಸ್ ಕೇರಳ’ ಎಂಬ ಕಿರೀಟ. ಕಿರೀಟ ತೊಡಿಸಿದ್ದೇ ತಡ, ಹೊಳೆಯಿಂದ ಹಿಡಿಹಿಡಿದು ವಿಮಾನ ಹತ್ತಿಸಿದರು. ಈಗ ಅವಳ ಹೆಸರು ಇನ್ನೊಂದು ಅಂತರರಾಷ್ಟ್ರೀಯ ಪಟ್ಟಿಯಲ್ಲೂ ಇದೆ, ಅಳಿವಿನಂಚಿನ ಜೀವಿಗಳದ್ದು.

ಗಿಡ ಕೈಹಿಡಿಯಿತು ಎಂದಾದರೆ ಮುಂದಿನ ಭಡ್ತಿ ಕಡಲಿಗೆ, ಅಂದರೆ ಹವಳ ಸಾಕುವ ‘ರೀಫ್ ಟ್ಯಾಂಕ್’. ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರದಲ್ಲಿ, ಟಿವಿ ಪಕ್ಕದಲ್ಲಿ ಒಂದು ಸಮುದ್ರ. ಉಪ್ಪು ಲೀಟರಿಗೆ 35 ಗ್ರಾಂ. ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಉಪ್ಪು ತಂದರಾಗದೇ ಎಂದು ಕೇಳಿ ನಗೆಪಾಟಲಾಗಬೇಡಿ. ಅದು ಬರೀ ಸಮುದ್ರದ್ದು, ಇವರಿಗೆ ಬೇಕಾದದ್ದು ಸಮುದ್ರದ ಹೆಸರು ಬರೆದ ವಿದೇಶಿ ಡಬ್ಬದ್ದು. ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300, ಉಷ್ಣತೆ 25 ಡಿಗ್ರಿ. ಕರೆಂಟು ಹೋದರೆ ಇನ್ವರ್ಟರಿನ ಮೊದಲ ಹಕ್ಕು ಹವಳದ್ದು. ಫ್ಯಾನಿನ ಕೆಳಗಿನ ಮಗು ಕಾಯಬೇಕು.

ಕಾನೂನಿನ ಮಾತೂ ಒಂದಿದೆ. ನಮ್ಮ ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ಸೇರಿಸಿದರು, ಹುಲಿ ಆನೆಗಳು ಕೂತಿದ್ದ ಪಂಕ್ತಿಗೇ. ನೇತ್ರಾಣಿ ದ್ವೀಪದ ಬುಡದಿಂದ ಹವಳದ ಚೂರು ಮುರಿದು ತಂದವನು ಕಾನೂನಿನ ಕಣ್ಣಿಗೆ ಹುಲಿಮರಿ ಕದ್ದವನ ಸೋದರ. ಆದರೆ ಡ್ರಾಯಿಂಗ್ ರೂಮಿನ ನೀಲಿ ಬೆಳಕಿನಲ್ಲಿ ಕೂತ ಅತಿಥಿಗಳು ಕೇಳುವ ಪ್ರಶ್ನೆ ಒಂದೇ: ‘ಇದು ಪ್ಲಾಸ್ಟಿಕ್ಕಾ?’ ಆ ಗಳಿಗೆಯಲ್ಲಿ ಹವ್ಯಾಸಿಯ ಮುಖ ನೋಡಬೇಕು.

ಈ ಕಡಲಿನಲ್ಲಿ ಫಾಸ್ಫೇಟ್ 0.03 ಪಿಪಿಎಂ ದಾಟಿದರೆ ಮನೆಯಲ್ಲಿ ಸೂತಕ. ಅದೇ ಮನೆಯ ವಾಷಿಂಗ್ ಮಷೀನಿನ ನೊರೆ ಯಾವ ಕೆರೆಗೆ ಹೋಗುತ್ತದೆ ಎಂಬುದು ಟೆಸ್ಟ್ ಕಿಟ್ಟಿನ ವ್ಯಾಪ್ತಿಗೆ ಬರುವುದಿಲ್ಲ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿಕೊಂಡಾಗ, ನೀರಿಗೆ ಬೆಂಕಿ ಹಚ್ಚಿದ ಕೀರ್ತಿ ನಮ್ಮೂರಿಗೆ ಬಂತು. ಅಮಾನೋಗೂ ಆಗದಿದ್ದ ಸಾಹಸ. 2024ರ ಮಾರ್ಚಿನಲ್ಲಿ ಕೊಳವೆಬಾವಿ ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಮನೆಮಂದಿಗೆ ತಲೆಗೊಂದು ಬಕೆಟ್ಟು. ಹವಳಕ್ಕೆ ಮಾತ್ರ ಆರ್‌ಒ ನೀರೇ ಆಗಬೇಕು. ಒಂದು ಲೀಟರ್ ಶುದ್ಧವಾಗುವಾಗ ಎರಡು ಮೂರು ಲೀಟರ್ ಮೋರಿ ಸೇರುತ್ತದೆ. ಕೇಳಿದರೆ, ‘ಅವು ಸೂಕ್ಷ್ಮ ಜೀವಿಗಳು ಸಾರ್’.

ಮರೆಯುವ ಮುನ್ನ ಸಕ್ಕರ್ ಮೀನಿನ ವಿಷಯ. ‘ಪಾಚಿ ತಿನ್ನುತ್ತೆ’ ಎಂದು ಅಂಗಡಿಯವನು ಎರಡಿಂಚಿನದು ಕೊಟ್ಟಿರುತ್ತಾನೆ. ಮೂಲ ದಕ್ಷಿಣ ಅಮೆರಿಕ, ಮೈತುಂಬ ರಕ್ಷಾಕವಚ, ಅಡಿ, ಒಂದೂವರೆ ಅಡಿ ಬೆಳೆಯುತ್ತದೆ. ಕೊಲ್ಲಲು ಹವ್ಯಾಸಿಗೆ ಮನಸ್ಸು ಬಾರದು, ಕರುಣಾಳು. ಭಾನುವಾರ ಬಕೆಟ್ಟಿನಲ್ಲಿ ಒಯ್ದು ಹತ್ತಿರದ ಕೆರೆಗೆ ಬಿಟ್ಟು, ಕೈಮುಗಿದು, ವಿಡಿಯೋ ಮಾಡಿಕೊಂಡು ಬರುತ್ತಾನೆ. ಇಂಥ ಪುಣ್ಯವಂತರು ಹೆಚ್ಚಿ, ಬೆಸ್ತರ ಬಲೆಗೆ ಸಕ್ಕರ್ ಬೀಳುತ್ತದೆ. ಬಲೆ ಹರಿಯುತ್ತದೆ, ಮೀನನ್ನು ಕೊಳ್ಳುವವರಿಲ್ಲ. ಶ್ರೀನಗರದ ದಾಲ್ ಸರೋವರದಲ್ಲಿ 2023ರಲ್ಲಿ ಅಮೆರಿಕದ ಅಲಿಗೇಟರ್ ಗಾರ್ ಸಿಕ್ಕಿತು. ಮೊಸಳೆಮೂತಿಯ ಆ ಅತಿಥಿ ಈಜಿಕೊಂಡಂತೂ ಬಂದಿರಲಾರದು.

ಕೊನೆಯ ಆಶ್ರಮ ಹಿತ್ತಿಲ ಕೊಳ. ಇದಕ್ಕೆ ನೆಲ ಬೇಕು, ಆದ್ದರಿಂದ ಹಣ ಬೇಕು, ಆದ್ದರಿಂದ ಹೊರವಲಯದ ವಿಲ್ಲಾ ಬೇಕು. ನೀರಲ್ಲಿ ಜಪಾನಿನ ಕೋಯಿ. 2018ರಲ್ಲಿ ಹಿರೋಶಿಮಾ ಕಡೆಯ ಹರಾಜಿನಲ್ಲಿ ಒಂದು ಕೋಯಿ ಇಪ್ಪತ್ತು ಕೋಟಿ ಯೆನ್‌ಗೆ ಹೋದ ಕಥೆಯನ್ನು ಮಾಲೀಕ ಪ್ರತಿ ಅತಿಥಿಗೂ ಹೇಳುತ್ತಾನೆ, ತನ್ನದೂ ಅದರ ಚಿಕ್ಕಪ್ಪನ ಮಗ ಎಂಬ ಧಾಟಿಯಲ್ಲಿ. ‘ನೇಚರ್ ಅಂದ್ರೆ ನಂಗೆ ಪ್ರಾಣ’ ಎನ್ನುತ್ತಾನೆ. ನೇಚರ್ ಇದನ್ನು ನಂಬಿ ಬರುತ್ತದೆ. ಮೊದಲು ಮಿಂಚುಳ್ಳಿ, ಕೊಳದ ಮೇಲೆ ಬಲೆ ಬಿತ್ತು. ಆಮೇಲೆ ಕಪ್ಪೆ, ರಾತ್ರಿ ನಿದ್ದೆಯಿಲ್ಲವೆಂದು ಪಕ್ಕದ ವಿಲ್ಲಾದವರ ದೂರು. ಕಪ್ಪೆಯ ಹಿಂದೆ ನೀರೊಳ್ಳೆ ಹಾವು, ಉರಗತಜ್ಞರಿಗೆ ಫೋನು. ನೀರು ಹಸಿರಾಯಿತು, ಯುವಿ ದೀಪ. ಸೊಳ್ಳೆ ಬಂತು, ಆರೋಗ್ಯ ಇಲಾಖೆಯವರೂ ಬಂದರು.

ಈ ಕೊಳ ತೋಡಿದ ದಿನದ್ದೇ ಸೊಗಸು. ಧರ್ಮಾಂಬುಧಿಯನ್ನು ಬಸ್ ನಿಲ್ದಾಣ ಮಾಡಿ, ಸಂಪಂಗಿ ಕೆರೆಯನ್ನು ಕ್ರೀಡಾಂಗಣ ಮಾಡಿದ ಊರಿನಲ್ಲಿ ಬಡಾವಣೆಗಳು ಎಲ್ಲಿ ಏಳುತ್ತವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮೂರಡಿ ಅಗೆದದ್ದೇ ತಳದಿಂದ ನೀರು ತಾನಾಗಿ ಜಿನುಗಿತು. ಜೇಡಿ ಮಣ್ಣು, ಒಂದೆರಡು ಬಸವನಹುಳದ ಚಿಪ್ಪು. ಮಾಲೀಕ ಗಾಬರಿ. ಗುತ್ತಿಗೆದಾರ ಧೈರ್ಯ ಹೇಳಿದ: ‘ಏನೂ ಆಗಲ್ಲ ಸಾರ್, ಲೈನರ್ ಹಾಕಿದ್ರೆ ಒಂದ್ ತೊಟ್ಟೂ ಒಳಗೆ ಬರಲ್ಲ.’ ಎರಡು ದಿನ ಪಂಪ್ ಹಚ್ಚಿ ಬಂದ ನೀರನ್ನೆಲ್ಲ ಮೋರಿಗೆ ಎತ್ತಿ ಹಾಕಿದರು. ಕಪ್ಪು ರಬ್ಬರ್ ಹಾಸಿದರು. ನಾಲ್ಕು ಟ್ಯಾಂಕರ್ ಹೇಳಿದರು. ಬಡಾವಣೆಯ ಹಿಂಬದಿಯ ಕೊಳವೆಬಾವಿಯಿಂದ ತುಂಬಿಸಿಕೊಂಡು ಟ್ಯಾಂಕರುಗಳು ಸುತ್ತು ಹಾಕಿ ಮುಂಬಾಗಿಲಿಗೆ ಬಂದವು. ಮಾಲೀಕ ಕಿಟ್ ತೆರೆದು, ಹನಿ ಬಿಟ್ಟು, ಬಣ್ಣ ಬಿಸಿಲಿಗೆ ಹಿಡಿದು, ಪಿಎಚ್ ಪರ್ಫೆಕ್ಟ್ ಎಂದು ಡ್ರೈವರಿಗೆ ಐವತ್ತು ರೂಪಾಯಿ ಭಕ್ಷೀಸು ಕೊಟ್ಟ.