ಆ 40 ಜಿಬಿ ಫೈಲು

ಬೆಳಿಗ್ಗೆ ಗಿಡಕ್ಕೆ ನೀರು ಹಾಕ್ತಾ ಇದ್ದೆ. ಕಾಂಪೌಂಡಿನ ಆಚೆ ಪಕ್ಕದ ಮನೆ ಹುಡುಗ ಮುಖ ಸಪ್ಪೆ ಮಾಡ್ಕೊಂಡು ನಿಂತಿದ್ದ. "ಅಂಕಲ್, ಲ್ಯಾಪ್‌ಟಾಪಲ್ಲಿ ಜಾಗ ಇರಲಿಲ್ಲ. ಯಾವುದೋ 40 ಜಿಬಿ ಫೈಲ್ ಕಂಡ್ತು, ಡಿಲೀಟ್ ಮಾಡ್ಬಿಟ್ಟೆ. ಈಗ ನನ್ನ ಲಿನಕ್ಸ್ ಏಳ್ತಾನೇ ಇಲ್ಲ."

"ಹೆಸರಿನ ಕೊನೇಲಿ ವಿಡಿಐ ಅಂತ ಇತ್ತೇನಪ್ಪ?"

ಇತ್ತು. ವರ್ಚುವಲ್‌ಬಾಕ್ಸಲ್ಲಿ ಓಡೋ ಅವನ ಲಿನಕ್ಸ್ ಮಷೀನಿನ ಡಿಸ್ಕ್ ಅದೇ. ಒಂದು ಸೆಮಿಸ್ಟರಿನ ಪ್ರಾಜೆಕ್ಟ್, ಡೇಟಾಬೇಸ್, ಎಲ್ಲಾ ಆ ಒಂದು ಫೈಲಿನ ಹೊಟ್ಟೇಲಿ. ರೀಸೈಕಲ್ ಬಿನ್ ನೋಡಿದ್ದಾನೆ, ಇಲ್ಲ. ಫೈಲು ಬಿನ್ನಿನ ಮಿತಿ ಮೀರಿದ್ರೆ 'ಶಾಶ್ವತವಾಗಿ ಅಳಿಸಲಾ' ಅಂತ ವಿಂಡೋಸ್ ಕೇಳುತ್ತೆ, ಇವನು ಅವಸರದಲ್ಲಿ ಹೂಂ ಅಂದಿದ್ದಾನೆ. ಎಸ್‌ಎಸ್‌ಡಿ ಆದರೆ ಅಳಿಸಿದ ಜಾಗವನ್ನ ಟ್ರಿಮ್ ಬೇಗ ಗುಡಿಸಿಬಿಡುತ್ತೆ. ರಿಕವರಿ ಸಾಫ್ಟ್‌ವೇರಿಗೆ ಸಿಗೋದು ಅಪರೂಪ. ನನಗೆ ನಿಜವಾಗ್ಲೂ ಸಂಕಟ ಆಯ್ತು. ಮೇಜಿನ ಮೇಲಿರೋ ಕಂಪ್ಯೂಟರನ್ನ ಯಾರೂ ಕೈತಪ್ಪಿ ಕಸಕ್ಕೆ ಹಾಕಲ್ಲ. ಫೈಲಾಗಿರೋ ಕಂಪ್ಯೂಟರಿಗೆ ಒಂದು ಬೆರಳು ಸಾಕು.

"ಸ್ನ್ಯಾಪ್‌ಶಾಟ್ ತೆಗೆದಿದ್ದೆನಲ್ಲ ಅಂಕಲ್?"

ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ ಕಣಪ್ಪ. ಅದನ್ನ ತೆಗೆದ ಮೇಲೆ ಆದ ಬದಲಾವಣೆ ಮಾತ್ರ ಹೊಸ ಫೈಲಿಗೆ ಹೋಗುತ್ತೆ, ಮಿಕ್ಕಿದ್ದೆಲ್ಲ ಮೂಲ ಡಿಸ್ಕಿನಲ್ಲೇ. ತಳಪಾಯ ಕಿತ್ತಮೇಲೆ ಮಹಡಿ ಎಲ್ಲಿ ನಿಲ್ಲುತ್ತೆ?

ಅಷ್ಟರಲ್ಲಿ ಅವನ ಅಕ್ಕ ಬಂದಳು, ಆಫೀಸಲ್ಲಿ ಲಿನಕ್ಸ್ ಸರ್ವರ್ ನೋಡ್ಕೊಳ್ಳೋಳು. ನಮ್ಮ ಸರ್ವರಲ್ಲಿ ಇಂಥ ಫೈಲನ್ನ ರೀಡ್-ಓನ್ಲಿ ಮಾಡಿಟ್ರೆ ಸಾಲದಾ ಅಂದಳು. ಬಹಳ ಜನ ಹೀಗೇ ನಂಬಿರ್ತಾರೆ. ಲಿನಕ್ಸಲ್ಲಿ ಅಳಿಸೋ ಹಕ್ಕು ಫೈಲಿನದ್ದಲ್ಲಮ್ಮ, ಅದು ಕೂತಿರೋ ಫೋಲ್ಡರಿನದ್ದು. ಫೋಲ್ಡರಿಗೆ ಬರೆಯೋ ಅನುಮತಿ ಇದ್ರೆ ರೀಡ್-ಓನ್ಲಿ ಫೈಲೂ ಹೋಗುತ್ತೆ. ಫೈಲಿಗೆ 'ಚಾಟರ್ ಪ್ಲಸ್ ಐ' (chattr +i) ಅನ್ನೋ ಕಮ್ಯಾಂಡ್ ಹಾಕಿದ್ರೆ, ಆ ಗುರುತನ್ನ ತೆಗೆಯದೆ ರೂಟಿಗೂ ಅಳಿಸೋಕಾಗಲ್ಲ. ಆದ್ರೆ ಆಗ ಬರೆಯೋಕೂ ಆಗಲ್ಲ, ಓಡೋ ಮಷೀನಿಗೆ ಆಗಿಬರಲ್ಲ. ಬದಲಾಗದ ಟೆಂಪ್ಲೇಟ್ ಡಿಸ್ಕಿಗೆ ಹಾಕು. ವರ್ಚುವಲ್ ಮಷೀನ್ ನಡೆಸೋ ಪ್ರಾಕ್ಸ್‌ಮಾಕ್ಸಲ್ಲಿ ಪ್ರೊಟೆಕ್ಷನ್ ಅಂತ ಒಂದು ಆಯ್ಕೆ ಇದೆ, ಅದನ್ನ ಆನ್ ಮಾಡಿಟ್ರೆ ಮಷೀನನ್ನಾಗಲಿ ಡಿಸ್ಕನ್ನಾಗಲಿ ತೆಗೆಯೋಕೆ ಬಿಡಲ್ಲ.

ನಾನು ಲ್ಯಾಬಲ್ಲಿದ್ದಾಗಿನ ಒಂದು ಮಧ್ಯಾಹ್ನ ಮರೆಯೋಕಾಗಲ್ಲ. ಓಡ್ತಾ ಇದ್ದ ವರ್ಚುವಲ್ ಮಷೀನಿನ ಕ್ಯೂಕೌ2 ಡಿಸ್ಕ್ ಫೈಲನ್ನೇ ಒಬ್ಬರು ಆರ್‌ಎಂ ಕೊಟ್ಟು ಅಳಿಸಿಬಿಟ್ರು. ಗಾಬರಿಯಲ್ಲಿ ಶಟ್‌ಡೌನ್ ಮಾಡೋಕೆ ಹೊರಟ್ರು, ಕೈ ಹಿಡಿದು ನಿಲ್ಲಿಸಿದೆ. ಲಿನಕ್ಸಲ್ಲಿ ಹೆಸರು ಹೋದ್ರೂ, ಯಾವುದಾದ್ರೂ ಪ್ರೋಸೆಸ್ ಫೈಲನ್ನ ತೆರೆದಿಟ್ಟುಕೊಂಡಿರೋವರೆಗೆ ಒಳಗಿನ ಡೇಟಾ ಡಿಸ್ಕಿನಲ್ಲೇ ಇರುತ್ತೆ. ಮಷೀನು ನಿಂತರೆ ಅದೂ ಹೋಗುತ್ತೆ. ಸಸ್ಪೆಂಡ್ ಮಾಡಿ, ಪ್ರೊಕ್ ಒಳಗೆ ಆ ಪ್ರೋಸೆಸ್ಸಿನ ಎಫ್‌ಡಿ ಫೋಲ್ಡರಿಂದ ಬೇರೆ ಡಿಸ್ಕಿಗೆ ಕಾಪಿ ಮಾಡಿದ್ವಿ. ಮಷೀನು ಉಳೀತು.

ಈ ಹುಡುಗನಿಗೆ ಆ ಅವಕಾಶ ಇರಲಿಲ್ಲ. ಅವನ ಮಷೀನು ಆಫ್ ಆಗಿತ್ತು.

ನಿಮ್ಮ ಹತ್ರ ವರ್ಚುವಲ್ ಮಷೀನ್ ಇದ್ರೆ ಇವತ್ತೇ ಶಟ್‌ಡೌನ್ ಮಾಡಿ ಓವಿಎ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ, ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ, ಡಿಸ್ಕನ್ನ ಬಿಚ್ಚಿ ಬೀರುವಲ್ಲಿಡಿ. ಒಂದು ಸಲ ಇಂಪೋರ್ಟ್ ಮಾಡಿ, ಏಳುತ್ತಾ ಅಂತಾನೂ ನೋಡಿ.