ಬೇಸಿಗೆಯ ಆಲಿವ್ ಪಂಡಿತರು

ವಾಯವ್ಯ ಇಟಲಿಯ ಲಿಗೂರಿಯಾದಲ್ಲಿ, ಇಂಪೇರಿಯಾ ಪಟ್ಟಣದ ಬೆನ್ನಿಗಿರುವ ಬೆಟ್ಟಗಳಲ್ಲಿ, ದೊಲ್ಚೆದೊ ಥರದ ಆಲಿವ್ ಹಳ್ಳಿಗಳಿವೆ. ರಜೆಗೆಂದು ಅಲ್ಲಿ ವಾರದ ಮಟ್ಟಿಗೆ ಮನೆ ಹಿಡಿದವರಿಗೆ ಮನೆಯ ಜೊತೆಗೆ ಒಬ್ಬ ಪಂಡಿತರು ಪುಕ್ಕಟೆಯಾಗಿ ಸಿಗುತ್ತಾರೆ. ಜಾಹೀರಾತಿನಲ್ಲಿ ಇವರ ಸುದ್ದಿ ಇರುವುದಿಲ್ಲ. ಅಡುಗೆಮನೆ ಉಂಟು, ಬಾಲ್ಕನಿ ಉಂಟು, ಕಣಿವೆ ಕಾಣುತ್ತದೆ ಎಂದಷ್ಟೇ ಇರುತ್ತದೆ. ಶನಿವಾರ ಮಧ್ಯಾಹ್ನ ನೀವು ಸೂಟ್‌ಕೇಸನ್ನು ಕಲ್ಲುಮೆಟ್ಟಿಲ ಮೇಲೆ ದಡದಡ ಎಳೆಯುತ್ತ ಏದುಸಿರು ಬಿಡುತ್ತಿರುವಾಗ ಮೇಲಿನ ಬಾಲ್ಕನಿಯಿಂದ ಒಂದು ಪ್ರಶ್ನೆ ಇಳಿದು ಬರುತ್ತದೆ.

"ಮೊದಲನೇ ಸಲವೋ?"

ಹೌದೆಂದಿರೋ, ಮುಗಿಯಿತು. ಮುಂದಿನ ಶನಿವಾರದವರೆಗೆ ನೀವು ಅವರ ಶಿಷ್ಯರು.

ಇವರು ಜರ್ಮನಿಯವರೋ ಹಾಲೆಂಡಿನವರೋ ಆಗಿರುವುದೇ ಹೆಚ್ಚು, ಇಂಗ್ಲೆಂಡಿನವರೂ ಇಲ್ಲದಿಲ್ಲ. ನಿವೃತ್ತರು. ಹುಲ್ಲಿನ ಟೋಪಿ, ಮುದುಡಿದ ಲಿನನ್ ಅಂಗಿ, ಹೊಸದೆಂದು ಯಾರೂ ಆರೋಪಿಸಲಾಗದಂಥ ಚಪ್ಪಲಿ. ಇಪ್ಪತ್ತು ವರ್ಷದಿಂದ ಅದೇ ಊರು, ಅದೇ ಮನೆ, ಜುಲೈ ತಿಂಗಳ ಅದೇ ಎರಡು ವಾರ. ಕುರ್ಚಿಯೂ ಅದೇ. ಆ ಕುರ್ಚಿಯಲ್ಲಿ ನೀವು ಗೊತ್ತಿಲ್ಲದೆ ಕೂತರೆ ಅವರು ಏಳಿ ಅನ್ನುವುದಿಲ್ಲ, ಅಷ್ಟು ಒರಟರಲ್ಲ. ಎದುರಿಗೆ ನಿಂತುಕೊಂಡೇ ಇರುತ್ತಾರೆ, ಅಷ್ಟೆ.

ಉಪಕಾರಿಗಳು ಎಂಬುದನ್ನೂ ಹೇಳಿಬಿಡಬೇಕು. ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ ಇರುವುದು 3 ಕಿಲೋವ್ಯಾಟ್ ಕರೆಂಟು. ಓವನ್ ಹಚ್ಚಿ, ಬಟ್ಟೆ ಒಗೆಯುವ ಮಷೀನ್ ತಿರುಗಿಸಿ, ಅದರ ಮೇಲೆ ಮಗಳು ಕೂದಲು ಒಣಗಿಸಲು ಹೊರಟಳೆಂದರೆ ಮನೆಯೆಲ್ಲ ಗವ್ವೆನ್ನುತ್ತದೆ. ಮೀಟರ್ ಎಲ್ಲಿದೆ, ಯಾವ ಗುಂಡಿ ಮೇಲೆತ್ತಬೇಕು ಎಂಬುದು ಮನೆಯ ಒಡತಿಗಿಂತ ಇವರಿಗೆ ಚೆನ್ನಾಗಿ ಗೊತ್ತು. ಟಾರ್ಚ್ ಹಿಡಿದು ತಾವೇ ಇಳಿದು ಬರುತ್ತಾರೆ. ಕಸದ ಯಾವ ಡಬ್ಬ ಯಾವ ವಾರದಂದು ಹೊರಗಿಡಬೇಕು, ಕಾಫಿ ಕಾಯಿಸುವ ಮೋಕಾ ಪಾತ್ರೆಗೆ ಯಾಕೆ ಸೋಪು ತಾಗಿಸಬಾರದು, ಅಂಗಡಿ ಮಧ್ಯಾಹ್ನ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ, ಎಲ್ಲ ಬಾಯಿಪಾಠ. ಗೋಡೆಯ ಮೇಲೆ ಇದೇ ಸೂಚನೆಗಳನ್ನು ನಾಲ್ಕು ಭಾಷೆಯಲ್ಲಿ ಅಚ್ಚು ಹಾಕಿ ತೂಗುಬಿಟ್ಟಿರುತ್ತಾರೆ ನಿಜ. ಆದರೆ ಓದುವಷ್ಟು ಬಿಡುವನ್ನು ಇವರು ಕೊಡಬೇಕಲ್ಲ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತಾರೆ. ಅಲ್ಲಿ ಎಲ್ಲರೂ ಬಂದು ಸೇರುವುದು ಚೌಕದ ಬಾರಿಗೆ. ಬಾರ್ ಅಂದರೆ ಅಲ್ಲಿ ಬೆಳಗಿನ ಕಾಫಿ ಕುಡಿಯುವ ಜಾಗ, ನಮ್ಮವರು ಗಾಬರಿಯಾಗಬೇಕಿಲ್ಲ. ಹನ್ನೊಂದು ಗಂಟೆಯ ಮೇಲೆ ಯಾರಾದರೂ ಕಾಪುಚ್ಚಿನೊ ಕೇಳಿದರೆ ಪಂಡಿತರ ಮುಖ ಬಾಡುತ್ತದೆ. ಇಟಾಲಿಯನ್ನರು ಹಾಗೆ ಮಾಡುವುದಿಲ್ಲ, ಊಟಕ್ಕೆ ಮೊದಲು ಹಾಲು ಹೊಟ್ಟೆಗೆ ಭಾರ, ಎಂದು ಮೆಲ್ಲಗೆ ತಿಳಿಹೇಳುತ್ತಾರೆ. ಅಷ್ಟರಲ್ಲಿ ಪಕ್ಕದ ಮೇಜಿನ ಅಪ್ಪಟ ಲಿಗೂರಿಯಾದ ಮುದುಕ ಉಪ್ಪುಪ್ಪಾದ, ಎಣ್ಣೆ ಸುರಿಯುವ ಫೊಕಾಚ್ಚಾ ರೊಟ್ಟಿಯನ್ನು ಕಾಪುಚ್ಚಿನೊದಲ್ಲಿ ಅದ್ದಿ ಅದ್ದಿ ತಿನ್ನುತ್ತಿರುತ್ತಾನೆ. ಆ ಸೀಮೆಯಲ್ಲಿ ಅದು ಮಾಮೂಲು. ಪಂಡಿತರು ಆ ಕಡೆ ಬೆನ್ನು ಮಾಡಿ ಕೂರುತ್ತಾರೆ. ಶಾಸ್ತ್ರ ಒಂದು ಕಡೆ, ಊರವರು ಒಂದು ಕಡೆ ಆದಾಗ ಇವರು ಶಾಸ್ತ್ರದ ಪಕ್ಷ. ಮನೆಯೊಡತಿ ಸಿನ್ಯೋರಾ ಮೀನು ಕರಿಯಲು ಸೂರ್ಯಕಾಂತಿ ಎಣ್ಣೆ ಬಳಸುತ್ತಾಳೆಂದು ಗೊತ್ತಾದ ದಿನ ಇವರು ಊಟ ಮಾಡಿದರೋ ಇಲ್ಲವೋ.

ಇವರ ದೊಡ್ಡ ಕೊರಗು ಪ್ರವಾಸಿಗರದ್ದು. "ಈಚೆಗೆ ಪ್ರವಾಸಿಗರು ಜಾಸ್ತಿಯಾದರು" ಎಂದು ನಿಟ್ಟುಸಿರು ಬಿಡುತ್ತಾರೆ, ನಿಮ್ಮ ಸೂಟ್‌ಕೇಸಿನ ಮೇಲೆ ಕಣ್ಣಿಟ್ಟು. ಮಾತು ಮಾತಿಗೂ "ನಮ್ಮೂರು". ಸಿನ್ಯೋರಾ ಕೂಡ ಎರಡೂ ಕೆನ್ನೆಗೆ ಮುತ್ತಿಟ್ಟು, ನೀವು ಬೇರೆಯವರೇ, ಮನೆಯವರೇ ಅಲ್ಲವೇ ಎಂದು ಬರಮಾಡಿಕೊಳ್ಳುತ್ತಾಳೆ. ಬರಮಾಡಿಕೊಂಡು ಪಾಸ್‌ಪೋರ್ಟ್ ಕೇಳುತ್ತಾಳೆ. ಬಂದಿಳಿದವರ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಮುಟ್ಟಿಸಬೇಕೆಂಬ ನಿಯಮವಿದೆ; ಅದರ ಬೇರು ಮುಸೊಲಿನಿ ಕಾಲದ 1931ರ ಕಾನೂನಿನಲ್ಲಿದೆ. ಮನೆಯವರಿಗೆ ಅದರಲ್ಲಿ ವಿನಾಯಿತಿ ಇಲ್ಲ, ಬಾಡಿಗೆ ಕೊಡುವ ಮನೆಯವರಾಗಿದ್ದರೆ. ಆ ಬಾಡಿಗೆ ಹೇಗೆ ವರ್ಷ ವರ್ಷ ಏರಿತೆಂಬುದನ್ನು ಪಂಡಿತರು ಯಾರಿಗೂ ಹೇಳುವುದಿಲ್ಲ.

ಇಟಾಲಿಯನ್ ಭಾಷೆಯನ್ನು ಮಾತ್ರ ಶ್ರದ್ಧೆಯಿಂದ ಕಲಿತಿದ್ದಾರೆ, ಚಳಿಗಾಲದಲ್ಲಿ ತಮ್ಮೂರ ಸಂಜೆ ತರಗತಿಗೆ ಹೋಗಿ. ಊರಿನ ಮುದುಕರು ಇಸ್ಪೀಟು ಕಲೆಸುತ್ತ ತಮ್ಮತಮ್ಮಲ್ಲಿ ಮಾತಾಡುವುದು ಲಿಗೂರಿಯನ್ನಿನಲ್ಲಿ. ಪಂಡಿತರು ಹತ್ತಿರ ಬಂದು ಇಟಾಲಿಯನ್ನಿನಲ್ಲಿ ವಿಚಾರಿಸಿದರೆ ಅವರೂ ಇಟಾಲಿಯನ್ನಿನಲ್ಲಿ ಒಂದು ಮಾತು ಉತ್ತರ ಕೊಟ್ಟು, ಮತ್ತೆ ತಮ್ಮ ಭಾಷೆಗೆ ಹೊರಳಿ ನಗುತ್ತಾರೆ. ಪಂಡಿತರೂ ಜೊತೆಯಲ್ಲಿ ನಗುತ್ತಾರೆ. ಯಾಕೆಂದು ಕೇಳುವುದು ಅಧಿಕಪ್ರಸಂಗ.

ಇನ್ನು ಆಲಿವ್. ಇದು ಅವರ ಖಾಸಾ ವಿಷಯ. ಬೆಳಗಿನ ತಿರುಗಾಟಕ್ಕೆ ನಿಮ್ಮನ್ನು ಕರೆದೊಯ್ಯುವುದೇ ಇದಕ್ಕಾಗಿ. ಬೆಟ್ಟದ ಮೈಯನ್ನು ಕಡಿದು ಮೆಟ್ಟಿಲು ಮೆಟ್ಟಿಲಾಗಿ ತೋಟ ಮಾಡಿದ್ದಾರೆ. ಒಂದೊಂದು ಮೆಟ್ಟಿಲಿಗೂ ಗಾರೆಯಿಲ್ಲದೆ ಕಲ್ಲ ಮೇಲೆ ಕಲ್ಲು ಕೂರಿಸಿದ ಗೋಡೆ. ಕೋಲಿನಿಂದ ಅದನ್ನು ತಟ್ಟಿ, ಈ ಕಸುಬು 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು ಎನ್ನುತ್ತಾರೆ, ಅರ್ಜಿ ಬರೆದವರು ತಾವೇ ಎಂಬ ವಿನಯದಿಂದ. ಇಲ್ಲಿಯ ತಳಿ ತಜ್ಜಾಸ್ಕ, ಹತ್ತಿರದ ತಜ್ಜಾ ಊರಿನ ಹೆಸರಿನದು, ತಂದವರು ಬೆನೆಡಿಕ್ಟೈನ್ ಸನ್ಯಾಸಿಗಳೆಂದು ಪ್ರತೀತಿ. ಎಕ್ಸ್‌ಟ್ರಾ ವರ್ಜಿನ್ ಅನ್ನಿಸಿಕೊಳ್ಳಬೇಕಾದರೆ ಎಣ್ಣೆಯ ಆಮ್ಲತೆ ಶೇಕಡಾ 0.8 ದಾಟಬಾರದು. ಗಾಣದಲ್ಲಿ ಬಿಸಿ 27 ಡಿಗ್ರಿ ಮುಟ್ಟಿದರೆ ತಣ್ಣಗೆ ತೆಗೆದದ್ದು ಎಂದು ಸೀಸೆಯ ಮೇಲೆ ಬರೆಯುವಂತಿಲ್ಲ. ಇದರಲ್ಲಿ ಒಂದೂ ಸುಳ್ಳಿಲ್ಲ. ದಾರಿಯಲ್ಲಿ ಒಂದು ಮೂರು ಚಕ್ರದ ಗಾಡಿ ಕೆಮ್ಮುತ್ತ ಏರು ಹತ್ತುತ್ತದೆ. ನಮ್ಮ ಹಳ್ಳಿಗಳಲ್ಲಿ ಶಾಲೆ ಮಕ್ಕಳನ್ನೂ ಕೋಳಿಗಳನ್ನೂ ಹೊರುವ ಅದೇ ಆಪೆ, 1948ರಲ್ಲಿ ಹುಟ್ಟಿದ್ದು ಈ ದೇಶದಲ್ಲೇ. ಪಂಡಿತರು ಪಕ್ಕಕ್ಕೆ ಸರಿದು ಅದರ ಫೋಟೊ ತೆಗೆಯುತ್ತಾರೆ. ಪ್ರತಿ ವರ್ಷವೂ ತೆಗೆಯುತ್ತಾರೆ.

ಸಂಜೆ ಎಣ್ಣೆಯ ಪರೀಕ್ಷೆ. ಪುಟ್ಟ ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಮೂಸಿ, ಸುರ್ರೆಂದು ಹೀರಿ, ಒಂದು ಗಳಿಗೆ ಆಕಾಶ ನೋಡಿ ಕೆಮ್ಮುತ್ತಾರೆ. ಹೊಸ ಎಣ್ಣೆ ಗಂಟಲಿಗೆ ಕಚ್ಚಬೇಕೆಂಬುದು ನಿಯಮ. ತಜ್ಜಾಸ್ಕದ ಎಣ್ಣೆ ಮೊದಲೇ ಸಾಧು, ಅಷ್ಟಾಗಿ ಕಚ್ಚುವ ಜಾತಿಯಲ್ಲ. ಮೇಲಾಗಿ ಜುಲೈ ಹೊತ್ತಿಗೆ ಅದು ಗಾಣದಿಂದ ಇಳಿದು ತಿಂಗಳುಗಳೇ ಕಳೆದಿರುತ್ತವೆ. ಆದರೂ ಕೆಮ್ಮುತ್ತಾರೆ. ನೀವು ಕೆಮ್ಮದಿದ್ದರೆ ನಿಮ್ಮ ನಾಲಿಗೆಯ ಬಗ್ಗೆ ಮರುಕಪಡುತ್ತಾರೆ. ನಾನಂತೂ ಮರ್ಯಾದೆಗೆಂದು ಕೆಮ್ಮಿದೆ, ಸ್ವಲ್ಪ ಜೋರಾಗಿಯೇ.

ಇಷ್ಟೆಲ್ಲ ತಿಳಿದವರು ಒಂದೇ ಒಂದು ಆಲಿವ್ ಕೊಯ್ದದ್ದನ್ನು ನೋಡಿಲ್ಲ.

ಅಲ್ಲಿ ಕೊಯ್ಲು ಶುರುವಾಗುವುದು ಶರತ್ಕಾಲ ಮುಗಿಯುವ ಹೊತ್ತಿಗೆ. ಚಳಿಗಾಲದ ನಡುವಿನವರೆಗೂ ನಡೆಯುತ್ತದೆ. ಬೇಸಿಗೆಯಲ್ಲಿ ಮರಕ್ಕೆ ಸುತ್ತಿ ಕಟ್ಟಿಟ್ಟ ಬಲೆಗಳನ್ನು ಆಗ ಬಿಚ್ಚಿ ನೆಲಕ್ಕೆ ಹಾಸಬೇಕು. ಇಕ್ಕಟ್ಟಾದ ಮೆಟ್ಟಿಲುಗಳಿಗೆ ಟ್ರ್ಯಾಕ್ಟರು ಇಳಿಯುವುದಿಲ್ಲ. ಗಳುವಿನಿಂದಲೋ, ಗಳುವಿನ ತುದಿಗೆ ಕಟ್ಟಿದ ಗುಡುಗುಟ್ಟುವ ಯಂತ್ರದಿಂದಲೋ ಕೊಂಬೆ ಅಲ್ಲಾಡಿಸಿ, ಉದುರಿದ್ದನ್ನು ಬಾಚಿ, ಎಲೆ ತೆಗೆದು, ಕ್ರೇಟು ಹೊತ್ತು ಆಪೆಗೆ ಹಾಕಿ, ತಡಮಾಡದೆ ಗಾಣಕ್ಕೆ ಒಯ್ಯಬೇಕು. ತಡವಾದರೆ ಕಾಯಿ ಬೆವೆತು ಎಣ್ಣೆ ಕೆಡುತ್ತದೆ. ಜೊತೆಗೆ ಮಳೆ. ಜಡಿಮಳೆಗೆ ಯುನೆಸ್ಕೊ ಗೋಡೆ ಅಲ್ಲಲ್ಲಿ ಹೊಟ್ಟೆ ಉಬ್ಬಿಸಿ ಕುಸಿಯುತ್ತದೆ, ಅದನ್ನು ಮತ್ತೆ ಎತ್ತಿಕಟ್ಟಬೇಕು. ಸಿನ್ಯೋರಾಳ ತಮ್ಮ ಕಟ್ಟುತ್ತಾನೆ, ಬೈದುಕೊಂಡು. ಮಕ್ಕಳು ಜಿನೋವಾಕ್ಕೋ ಮಿಲಾನಿಗೋ ಕೆಲಸಕ್ಕೆ ಹೋಗಿ ಆಗಿದೆ.

"ಈ ವರ್ಷ ಕೊಯ್ಲಿಗೆ ಬಂದೇ ಬರುತ್ತೇನೆ, ಕೈಜೋಡಿಸುತ್ತೇನೆ" ಎಂದು ಪಂಡಿತರು ಹೊರಡುವ ದಿನ ಹೇಳುತ್ತಾರೆ. "ಖಂಡಿತ ಬನ್ನಿ" ಎಂದು ಸಿನ್ಯೋರಾ ಐದು ಲೀಟರಿನ ಎರಡು ಡಬ್ಬ ಎಣ್ಣೆಯನ್ನು ಅವರ ಕಾರಿಗೆ ಇಡಿಸಿ ಹಣ ಎಣಿಸಿಕೊಳ್ಳುತ್ತಾಳೆ. ಈ ಸಂವಾದಕ್ಕೂ ಇಪ್ಪತ್ತು ವರ್ಷದ ಇತಿಹಾಸವಿದೆ. ನನಗೆ ಆಕೆಯ ಮೇಲೇ ಗೌರವ ಹೆಚ್ಚು. ಎಣ್ಣೆಯೊಂದರಿಂದಲೇ ಆ ಮನೆಯ ಸೂರು ನಿಲ್ಲದು, ಪಂಡಿತರ ಎರಡು ವಾರವೂ ಬೇಕು ಎಂಬುದು ಆಕೆಗೆ ಗೊತ್ತು. ಆದ್ದರಿಂದಲೇ ಅವರು ಎಣ್ಣೆಯ ಬಗ್ಗೆ ಆಕೆಗೇ ಪಾಠ ಹೇಳುವಾಗ ಆಕೆ ಹೌದೇ, ಹೌದೇ ಎಂದು ಕೇಳುತ್ತಾಳೆ.

ಈ ಕುಲಕ್ಕೆ ನಮ್ಮವರೂ ಸೇರತೊಡಗಿದ್ದಾರೆ. ಮ್ಯೂನಿಕ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗರಿಗೆ ಲಿಗೂರಿಯಾ ಒಂದು ದಿನದ ಕಾರು ಹಾದಿ. ಡಿಕ್ಕಿಯಲ್ಲಿ ಕುಕ್ಕರ್ ಇಟ್ಟುಕೊಂಡು ಎರಡು ಸಲ ಹೋಗಿ ಬಂದವರು ಮೂರನೆಯ ಸಲ "ನಮ್ಮ ಸಿನ್ಯೋರಾ" ಅನ್ನತೊಡಗಿದರೆ, ನೀವು ಕೆಮ್ಮಲು ಸಿದ್ಧರಾಗಿ.

ನಿಜವಾಗಿ ಆಲಿವ್ ಊರು ನೋಡುವ ಆಸೆಯಿದ್ದರೆ ನವೆಂಬರಿನಲ್ಲಿ ಹೋಗಿ. ಕಲ್ಲಿನ ಮನೆ, ಥಂಡಿ ಹೊಡೆಯುತ್ತದೆ, ಸ್ವೆಟರ್ ಮರೆಯಬೇಡಿ. ಬಾಡಿಗೆ ಅರ್ಧಕ್ಕೆ ಇಳಿದಿರಬಹುದು, ಚೌಕಾಸಿ ಮಾಡಿ. ಬಾಲ್ಕನಿಯ ಕುರ್ಚಿಯಲ್ಲಿ ಧಾರಾಳವಾಗಿ ಕೂರಿ, ಯಾರೂ ಬಂದು ನಿಲ್ಲುವುದಿಲ್ಲ.